ಕೊಸರು

ಮೂವತ್ತನಾಲ್ಕು ವರ್ಷ ಬೈತಖೋಲದ ಧಕ್ಕೆಯಲ್ಲಿ
ಮೀನೆಣಿಸಿದವನು ನಾನು, ಸಂತಾನ್ ಫುರ್ಟಾಡೊ,
ಸೊಸೈಟಿಯ ಲಿಲಾವು ಗುಮಾಸ್ತ.
ಕಿವಿಯ ಮೇಲೊಂದು ಮೊಂಡು ಪೆನ್ಸಿಲ್,
ಕಂಕುಳಲ್ಲಿ ಉಪ್ಪುನೀರು ಕುಡಿದು ಉಬ್ಬಿದ ಖಾತೆಪುಸ್ತಕ.
ಬಂಗುಡೆ, ತಾರ್ಲೆ, ಲೇಪೆ, ಇಸೋಣ:
ಹೆಸರು ಎಡಕ್ಕೆ, ಲೆಕ್ಕ ಬಲಕ್ಕೆ,
ನಡುವೆ ಕೆಂಪು ಗೆರೆ. ಅಷ್ಟೇ ನನ್ನ ವಿದ್ಯೆ.

ಭಾನುವಾರ ಇಗರ್ಜಿಗೂ ಹೋಗುತ್ತಿದ್ದೆ. ಹೋಗುವುದೆಂದರೆ
ಹೊರಗೋಡೆಗೆ ಒರಗಿ ನಿಲ್ಲುವುದು.
ಒಳಗೆ ಪ್ರವಚನ ಶುರುವಾದರೆ ಹೊರಗೆ
ಕಾಯ್ತಾನನ ಬೀಡಿ, ಡೀಸೆಲ್ ರೇಟು, ಗಾಳಿ ತಿರುಗುವ ಸುದ್ದಿ.
ಗಂಟೆ ಕೇಳಿದಾಗ ಒಂದೇ ಮಂಡಿ ಊರುವುದು,
ಅದೂ ಕರವಸ್ತ್ರ ಹಾಸಿ, ಪ್ಯಾಂಟಿಗೆ ಮಣ್ಣಾಗದ ಹಾಗೆ.
ದೇವರೂ ನಾನೂ ಹಳೆಯ ನೆರೆಯವರು:
ಜಗಳವಿಲ್ಲ, ಹೋಗಿ ಬರುವುದೂ ಇಲ್ಲ.

ರಿಟೈರಾದ ಮರುವರ್ಷ, ಪಾಸ್ಖ ಕಳೆದ ಒಂದು ಭಾನುವಾರ
ಮೈಕು ಹೊರಗೂ ಕಟ್ಟಿದ್ದರು.
ಹೊಸ ಪಾದ್ರಿ, ಇನ್ನೂ ಮೀಸೆ ನೆಟ್ಟಗೆ ಬಾರದ ಹುಡುಗ, ಓದುತ್ತಿದ್ದ:
ರಾತ್ರಿಯಿಡೀ ಬರಿದಾಗಿದ್ದ ಬಲೆ ಬೆಳಗಿಗೆ ತುಂಬಿದ್ದು,
ದಡದಲ್ಲಿ ಕೆಂಡ, ಕೆಂಡದ ಮೇಲೆ ಮೀನು,
ಸತ್ತು ಎದ್ದವನೇ ಕೂತು ಬೇಯಿಸುತ್ತಿದ್ದದ್ದು.
ದೊಡ್ಡ ಮೀನು. ನೂರ ಐವತ್ತಮೂರು.

ನನ್ನ ಬೆನ್ನು ಗೋಡೆ ಬಿಟ್ಟಿತು.
ಎಣಿಸಿದವನು ಯಾರು?
ಮಣ್ಣು ಮಾಡಿ ಬಂದ ಯಜಮಾನ ಎದುರಿಗೇ ಇರುವಾಗ
ಒದ್ದೆ ಲಂಗೋಟಿಯಲ್ಲಿ ಮರಳಿಗೆ ಕೂತು
ಒಂದು, ಎರಡು, ಮೂರು ಅಂದವನು ಯಾರು?
ಯಾರೋ ಗುಮಾಸ್ತ. ನನ್ನ ಜಾತಿಯವನೇ.
ಕಣ್ಣು ತುಂಬಿಬಂದರೂ ಲೆಕ್ಕ ತಪ್ಪದವನು.

ಗುರುವಾರದ ಸಂಜೆ ಪಾಠಕ್ಕೆ ಹೋಗಿ ಕೂತೆ.
ಸುತ್ತ ದೃಢೀಕರಣಕ್ಕೆ ತಯಾರಾಗುವ ಎಂಟನೆತ್ತಿ ಮಕ್ಕಳು;
ಬೆಂಚು ಗಿಡ್ಡ, ನನ್ನ ಮೊಣಕಾಲು ಎದೆಯ ಹತ್ತಿರ.
ಒಂದರಿಂದ ಹದಿನೇಳರವರೆಗೆ ಕೂಡಿ ನೋಡಿ, ಅಂದ ಪಾದ್ರಿ.
ಮನೆಗೆ ಬಂದು ನೆಲದ ಮೇಲೆ ಹುಣಸೆ ಬೀಜ ಜೋಡಿಸಿದೆ,
ಹದಿನೇಳು ಸಾಲು. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಶುದ್ಧ ತ್ರಿಕೋನ.
ಪಿಯದಾದ್ ಪೊರಕೆ ಹಿಡಿದು ನಿಂತಿದ್ದಳು:
"ಅರವತ್ತೊಂದಕ್ಕೆ ಯಾವ ಪರೀಕ್ಷೆ ನಿಮಗೆ?"
ತ್ರಿಕೋನದ ಸುತ್ತಲೂ ಗುಡಿಸಿದಳು, ಅದನ್ನು ಮುಟ್ಟಲಿಲ್ಲ.

ಆಮೇಲೆ ಗ್ರೀಕ್. ನಗಬೇಡಿ,
ಇಪ್ಪತ್ತನಾಲ್ಕೇ ಅಕ್ಷರ, ನನಗೆ ಆರು ತಿಂಗಳು ಹಿಡಿಯಿತು.
ಖಾತೆಪುಸ್ತಕದ ಉಳಿದ ಹಾಳೆಗಳಲ್ಲೇ ತಿದ್ದಿದೆ.
ಆ ಕತೆಯಲ್ಲಿ ಮೀನಿಗೆ ಎರಡು ಮಾತು:
ಬಲೆಯೊಳಗಿನದು ಇಖ್ಥುಸ್,
ಕೆಂಡದ ಮೇಲಿನದು ಒಪ್ಸಾರಿಯೊನ್.
ಕುರ್ಚಿಯಿಂದ ಎದ್ದೇಬಿಟ್ಟೆ.
ನಮ್ಮ ಕೊಂಕಣಿಯಲ್ಲೂ ಹಾಗೇ ಅಲ್ಲವೆ,
ನೀರಲ್ಲಿರುವ ತನಕ ಮಾಸ್ಳಿ, ಬಟ್ಟಲಿಗೆ ಬಂದರೆ ನುಸ್ತೆ!
ಪಿಯದಾದ್‌ಗೆ ಕೂಗಿ ಹೇಳಿದೆ.
"ಅದಕ್ಕೆ ಪುಸ್ತಕ ಬೇಕಿತ್ತೆ?" ಅಂದಳು ಒಲೆಯ ಮುಂದಿನಿಂದ.

ಕಳೆದ ವಾರ ಕೈ ಎತ್ತಿದೆ.
"ಫಾದರ್, ತ್ರಿಕೋನ ಇರಲಿ. ನಮ್ಮ ಧಕ್ಕೆಯಲ್ಲಿ
ಐವತ್ತು ಮೀನಿಗೆ ಒಂದು ಕೊಸರು,
ಹೊತ್ತು ಮಾರುವವಳ ಬುಟ್ಟಿಗೆ, ಲೆಕ್ಕದಿಂದ ಹೊರಗೆ.
ನೂರ ಐವತ್ತಕ್ಕೆ ಎಷ್ಟಾಯಿತು?"
"ಮೂರು" ಅಂದಳು ಹಿಂದಿನ ಬೆಂಚಿನ ಹುಡುಗಿ.
ಪಾದ್ರಿ ನಕ್ಕ. ಆಮೇಲೆ ನಗು ನಿಲ್ಲಿಸಿ
ಪುಟದ ಅಂಚಿನಲ್ಲಿ ಏನೋ ಬರೆದುಕೊಂಡ.

ಅರವತ್ತಕ್ಕೆ ಖಾತೆ ಮುಚ್ಚಿ ಸಹಿ ಹಾಕಿದ್ದೆ,
ಅಡಿಗೆ ಕೆಂಪು ಗೆರೆಯನ್ನೂ ಎಳೆದಿದ್ದೆ.
ಗೆರೆಯ ಕೆಳಗೆ ಇದನ್ನೆಲ್ಲ ಯಾರು ಹಾಕುತ್ತಿದ್ದಾರೆ?

ಈಗ ಒಳಗೇ ಕೂರುತ್ತೇನೆ, ಎಡಗಡೆ, ಕಿರುಗುಟ್ಟುವ ಫ್ಯಾನಿನ ಕೆಳಗೆ.
ಕಾಯ್ತಾನ್ ಕಿಟಕಿಯಿಂದ ಕಣ್ಣು ಮಿಟುಕಿಸುತ್ತಾನೆ.
ದಿನವೂ ನಂಬಿಕೆ ಸಿಕ್ಕುತ್ತದೆಂದು ಸುಳ್ಳು ಹೇಳಲಾರೆ;
ಎಷ್ಟೋ ರಾತ್ರಿ ಎಳೆದೆಳೆದು ಬರಿಗೈ.
ಆದರೆ ಅಷ್ಟು ಮೀನಿದ್ದರೂ
ಬಲೆ ಹರಿಯಲಿಲ್ಲವಂತೆ.
ಯಾವ ನೂಲು? ಗಂಟು ಹಾಕಿದ ಕೈ ಯಾರದು?
ಗುರುವಾರ ಕೇಳಬೇಕು.