ಸನ್ನೆ

ಮತ ಎಣಿಕೆ ಮುಗಿದ ಮೂರನೇ ದಿನ
ಅಂಕೋಲೆ ಠಾಣೆಯಿಂದ ಬಂದೂಕು ಬಿಡಿಸಿಕೊಂಡು
ಸೀದಾ ನನ್ನ ಗೂಡಂಗಡಿಗೆ ಬಂದಳು ಬುದವಂತಿ.
ಗೋಣಿಯೊಳಗೆ ಗೆಣಸಿನ ಬಳ್ಳಿ, ಅದರ ನಡುವೆ ಇದು.
ನಳಿಗೆಗೆ ದಾರ ಕಟ್ಟಿ ತೂಗಿಬಿಟ್ಟ ಚೀಟಿ:
ಕ್ರಮಸಂಖ್ಯೆ ಹದಿನಾಲ್ಕು.

ನಾನು ಹಿಂದೆ ಸರಿದೆ. ಒಳಗೆ ಗುಂಡು?
"ಗುಂಡು ಎಲ್ಲಿಂದ ಬತ್ತು ಶಾಬಣ್ಣ,
ಇದರ ಬಾಯಿಗೆ ಹಿಡಿಸೂ ಗುಂಡು ಸಿಕ್ಕದೆ
ಇಪ್ಪತ್ತೆರಡು ವರ್ಷ ಆತು."
ನಾಟಾ ಕಂಪನಿಯ ಯಾವನೋ ದೊರೆ
ಅವಳ ಅಜ್ಜನಿಗೆ ಸಂಬಳದ ಬಾಕಿ ಬದಲು ಕೊಟ್ಟದ್ದು.
ಅಜ್ಜನಿಂದ ಅಪ್ಪ ಹಮ್ಮುವಿಗೆ.
ಹಮ್ಮು ಹೋದ ಮೇಲೆ, ಅಣ್ಣಂದಿರು ಬೇಡವೆಂದ ಮೇಲೆ,
ಪರವಾನಗಿ ಪುಸ್ತಕದಲ್ಲಿ ಈಗ ಇವಳ ಫೋಟೊ,
ಕೊರಳ ತುಂಬ ಕರಿಮಣಿ ಸರ, ನಗೆಯಿಲ್ಲ.

ಕುದುರೆಯ ಕೆಳಗೆ ಕಬ್ಬಿಣದ ಒಂದು ಬಳೆ.
ಮೂರು ಬೆರಳು ತೂರಿಸಿ ಕೆಳಕ್ಕೆ ದೂಡಿ ಮೇಲಕ್ಕೆ ಎಳೆದರೆ
ಒಳಗಿನದು ಹೊರಗೆ, ಹೊಸದು ಒಳಗೆ.
ಕಲ್ಲುಕೋರೆಯಲ್ಲಿ ಬಂಡೆ ಮೀಟುವ ಹಾರೆಗೆ
ನಾವು ಸನ್ನೆ ಅನ್ನುತ್ತೇವೆ.
ಕಣ್ಣು ಮಿಟುಕಿಸಿದರೂ ಸನ್ನೆಯೇ.
ಇದು ಯಾವುದು ಎಂದು ಆಗ ಹೊಳೆಯಲಿಲ್ಲ.

ಅಪ್ಪ ಸುತ್ತಿದ ಚರ್ಮ ಠಾಣೆಯ ಉಗ್ರಾಣದಲ್ಲಿ
ಎರಡು ತಿಂಗಳು ಉಪ್ಪುಗಾಳಿ ಕುಡಿದು ಬೂಷ್ಟು ಹಿಡಿದಿತ್ತು.
ಬಿಚ್ಚಿದೆ. ಸುತ್ತು ಸುತ್ತಿಗೂ ಹಮ್ಮುವಿನ ಬೆವರು,
ಮೂರು ಹಳ್ಳ, ಒಂದೊಂದೂ ನನ್ನ ಹೆಬ್ಬೆರಳಗಲ.
ಬುದವಂತಿ ತನ್ನ ಬೆರಳು ಇಟ್ಟು ನೋಡಿದಳು;
ಈಜಾಡಿತು.
"ಗಟ್ಟಿ ಎಳೆದರೆ ಗೆಣ್ಣು ಸುಲೀತದೆ" ಎಂದು ತೋರಿಸಿದಳು
ಸುಲಿದ ಗೆಣ್ಣು.

ನಲವತ್ತು ವರ್ಷ ಪಾದ ಅಳೆದವನು
ಅವತ್ತು ಮೊದಲ ಸಲ ಬೆರಳು ಅಳೆದೆ,
ಚಪ್ಪಲಿಯ ಅದೇ ಪಟ್ಟಿಯಲ್ಲಿ.

ಅಳಲೆಕಾಯಿಯಲ್ಲಿ ಹದವಾದ ಚರ್ಮ,
ಕಾಲಿಂಚು ಅಗಲ, ಎರಡೂವರೆ ಮಾರು ಉದ್ದ.
ನೀರಲ್ಲಿ ನೆನೆಸಿ, ಒಂದು ತುದಿ ಹಲ್ಲಲ್ಲಿ ಕಚ್ಚಿ ಎಳೆದೆ.
ತುದಿಯನ್ನು ಮೊದಲ ಮೂರು ಸುತ್ತಿನ ಅಡಿಗೆ ಹುಗಿಯಬೇಕು,
ಗಂಟು ಕಣ್ಣಿಗೂ ಅಂಗೈಗೂ ಸಿಗಬಾರದು.
ಒದ್ದೆ ಇದ್ದಾಗ ಸಡಿಲ ಅನಿಸಿದರೆ ಹೆದರಬೇಡ,
ಒಣಗುತ್ತ ಒಣಗುತ್ತ ಅದೇ ಬಿಗಿಯುತ್ತದೆ ಅಂದೆ.
ಅವಸರದವರು ಬಿಸಿಲಿಗೆ ಇಡುತ್ತಾರೆ, ಸೀಳುತ್ತದೆ.
ಅಪ್ಪನ ಬಳೆ ಸುತ್ತು ಸುತ್ತಿಗೆ ಸಣ್ಣದಾಗುತ್ತ ಬಂತು.

ಬಾಲದ ತುದಿಗೆ ಬಂದಾಗ ಅವಳು ಕೈ ಹಿಡಿದಳು.
"ಅಲ್ಲಿ ಬ್ಯಾಡ."
ಯಾಕೆ, ಬರಿ ಕಬ್ಬಿಣ ಮರಕ್ಕೆ ತಾಗಿ ಸವೆಯುತ್ತದಲ್ಲ.
"ತಾಗಲಿ. ಅದು ಮಾತಾಡೂ ಜಾಗ."

ಬೆಲೇಕೇರಿಯ ಗದ್ದೆಯಲ್ಲಿ, ಕತ್ತಲಲ್ಲಿ, ಮಾಳದ ಮೇಲೆ ಕೂತು
ಬಳೆಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ:
ಖಳಕ್. ಖಟ್.
ಅಷ್ಟೇ. ಹಂದಿಗಳು ಬಾಲ ಎತ್ತಿ ಗುಡ್ಡ ಹತ್ತುತ್ತವಂತೆ.
ಅವುಗಳ ಅಜ್ಜಂದಿರು ಹೇಳಿಕೊಟ್ಟಿರಬೇಕು
ಆ ಸದ್ದಿನ ಹಿಂದೆ ಏನು ಬರುತ್ತದೆಂದು.
ಏನೂ ಬರುವುದಿಲ್ಲ ಎಂಬುದು
ಅವಳಿಗೆ, ಠಾಣೆಯ ಹವಾಲ್ದಾರನಿಗೆ, ಈಗ ನನಗೆ ಗೊತ್ತು.
ಈ ಸಲ ಶೇಂಗಾ ಬಲಿಯುವ ಹೊತ್ತಿಗೆ ಸರಿಯಾಗಿ
ಚುನಾವಣೆ ಬಂದು, ಸದ್ದು ಠಾಣೆಗೆ ಹೋಗಿತ್ತು.
ಅರ್ಧ ಗದ್ದೆಯನ್ನು ಹಂದಿಗಳೇ ಉತ್ತವು.

ಆ ಎರಡು ಬೆರಳಗಲ ಬರಿದೇ ಬಿಟ್ಟೆ.
ತಿಕ್ಕಲಿಕ್ಕೆ ಒಂದು ಉಂಡೆ ಮೇಣ ಕೊಟ್ಟೆ.
ಅಂಗಡಿ ಮುಂದೆ ಒಂದೇ ಸಲ ಎಳೆದು ನೋಡಿದಳು.
ಕಾರವಾರದ ಬಸ್ಸಿನ ಕಿಟಕಿಗಳೆಲ್ಲ ತಿರುಗಿದವು.
ಬಸ್ಸಿನಡಿಯ ನಾಯಿ ಎದ್ದು ಪೇಟೆ ದಾಟಿತು.
ಕೂಲಿ ಬೇಡವೆಂದರೂ ಒಂದು ಸೇರು ಶೇಂಗಾ,
ಹಂದಿ ಬಿಟ್ಟದ್ದು.

ಉಳಿದ ಗೇಣುದ್ದ ಚರ್ಮವನ್ನು
ನನ್ನ ಉಳಿಯ ಹಿಡಿಗೆ ಸುತ್ತಿಕೊಂಡೆ.

ಹದಿನೈದು ದಿನ ಬಿಟ್ಟು ಬಂದಳು, ಕೈಯಲ್ಲಿ ಹರಿದ ಚಪ್ಪಲಿ.
ಹೇಗಿದೆ ಅಂದೆ. ಬೆರಳು ಚಾಚಿದಳು, ಗೆಣ್ಣು ಮಾಗಿದೆ.
ಹಂದಿ?
"ಬಂದವು. ಎರಡು ಸಲ ಓಡಿದವು."
ಚಪ್ಪಲಿಯ ಉಂಗುಟ ತೋರಿಸಿದಳು, ಇಲ್ಲಿ ಎರಡು ಹೊಲಿಗೆ.
"ಮೂರನೇ ಸಲ ನಿಂತು ಕೇಳಿದವು."