ಲೆಕ್ಕಕ್ಕೆ ಸಿಗದ ನೀರು

ಒಂದು ಲೀಟರ್ ಕುಡಿದು ತಡೆದುಕೊಂಡಿರಿ ಅಂದರು.
ಇಪ್ಪತ್ತೆರಡು ವರ್ಷ ತೂಬು ಎತ್ತಿ ಇಳಿಸಿದ ನೀರುಗಂಟಿ ನಾನು.
ಮಂಡ್ಯದ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನಲ್ಲಿ
ಕಾಲಿಗೆ ಕಾಲು ಕತ್ತರಿ ಹಾಕಿ ಕೂತಾಗಲೇ ತಿಳಿದದ್ದು
ಬಾಗಿಲು ಮುಚ್ಚಿದ ನಾಲೆಯ ಸಂಕಟ.

ಬಂದದ್ದು ಹೊಟ್ಟೆಯುಬ್ಬರಕ್ಕೆ.
ತಣ್ಣನೆ ಲೋಳೆ ಹಚ್ಚಿ, ಮಗ್ಗುಲು ತಿರುಗಿಸಿ,
ಉಸಿರು ಹಿಡೀರಿ, ಬಿಡಿ ಅನ್ನುತ್ತಿದ್ದ ಹುಡುಗಿ
ಎಡಗಡೆ ಕಿಡ್ನಿಯ ಮೇಲೆ ಕೈ ನಿಲ್ಲಿಸಿದಳು.
ಅಷ್ಟು ಹೊತ್ತು ನಿಲ್ಲಿಸಬಾರದಿತ್ತು.

ಬಸ್ಸಿನಲ್ಲಿ ಪಕ್ಕದ ಕಾಲೇಜು ಹುಡುಗ ಓದಿ ಹೇಳಿದ:
ಸಿಸ್ಟು, ಮೂರು ಸೆಂಟಿಮೀಟರು.
ಗಡ್ಡೆ ಅಂತ ನಾನೇ ಕನ್ನಡಕ್ಕೆ ತಂದುಕೊಂಡೆ.
ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಮನಸ್ಸಿನಲ್ಲೇ
ಎರಡು ಎಮ್ಮೆ ಮಾರಿಯಾಗಿತ್ತು.

ಪುಟ್ಟಮಾದಿ ಮೂರು ದಿನ ಬಾಳೆದಿಂಡಿನ ರಸ ಹಿಂಡಿದಳು.
ಅದು ಕಲ್ಲಿಗೆ ಕಣೇ ಅಂದರೆ
ಕಲ್ಲೋ ಮಣ್ಣೋ, ಮೊದ್ಲು ಕುಡಿ ಅಂದಳು.
ಭಾವಮೈದ ಜವರಪ್ಪನಿಗೆ ಎಲ್ಲಕ್ಕೂ ಸೂಜಿಯೇ ಮದ್ದು:
ಚುಚ್ಚಿಸಿ ಬಸಿದು ಬಿಡು ಭಾವ.

ಸೋಮವಾರ ಡಾಕ್ಟರ್ ನಫೀಸಾ ಚಿತ್ರವನ್ನು ಬೆಳಕಿಗೆ ಹಿಡಿದರು.
ಗಡ್ಡೆ ಅಂದೋರ್ಯಾರು? ನೀರಿನ ಗುಳ್ಳೆ.
ಗೋಡೆ ತೆಳು, ಒಳಗೆ ತಿಳಿ, ಅಡ್ಡಗೋಡೆ ಇಲ್ಲ.
ವಯಸ್ಸಾದಂತೆ ಎಷ್ಟೋ ಜನಕ್ಕೆ ಇರುತ್ತೆ,
ಇದೆ ಅಂತ ಗೊತ್ತಿಲ್ಲದೆ ಬದುಕಿರ್ತಾರೆ.

ಮಾತ್ರೆ? ಬೇಡ.
ಸೂಜಿ?
ನೋವು ಕೊಟ್ಟರೆ ಯೋಚಿಸೋಣ,
ಬರೀ ಬಸಿದರೆ ಮತ್ತೆ ತುಂಬಿಕೊಳ್ಳೋದೇ ಹೆಚ್ಚು.
ಬಿಪಿ ನೋಡಿದರು. ಬರುವ ವರ್ಷ ಇನ್ನೊಂದು ಸ್ಕ್ಯಾನು.
ನಡುವೆ ಚಳಿಜ್ವರ, ಪಕ್ಕೆನೋವು, ಉಚ್ಚೆಯಲ್ಲಿ ರಕ್ತ ಕಂಡರೆ
ದಿಂಡು ಹಿಂಡುತ್ತ ಕೂರಬೇಡಿ, ಬನ್ನಿ.

ಹನ್ನೊಂದನೇ ತೂಬಿನ ಕೆಳಗೆ
ಏರಿಯ ಮಗ್ಗುಲಲ್ಲಿ ಜೌಗಿನ ಗುಂಡಿಯೊಂದಿದೆ.
ನಾನು ಕೆಲಸಕ್ಕೆ ಸೇರುವ ಮೊದಲಿನದು.
ಯಾರ ಗದ್ದೆಗೂ ಹರಿಯದು, ಯಾರ ಪಾಲಿನದೂ ಅಲ್ಲ.
ವರ್ಷಕ್ಕೊಮ್ಮೆ ನಾಲೆ ನಿಂತಾಗ ಕೋಲು ಇಳಿಸಿ ಅಳೆಯುತ್ತೇನೆ.
ಕೆಸರು ಬಣ್ಣ ಬಂತೇ, ಏರಿ ಬಿರುಕು ಬಿಟ್ಟಿತೇ,
ಅಷ್ಟು ನೋಡಿಕೊಂಡು
ಹಂಗೇ ಅದೆ ಸಾರ್ ಅಂತ ಇಂಜಿನಿಯರಿಗೆ ಫೋನು.

ಇದೆಲ್ಲ ಬಲ್ಲೆ. ಊರಿಗೇ ಹೇಳಿ ಬಂದಿದ್ದೇನೆ.
ಆದರೂ ರಾತ್ರಿ ಎಡಮಗ್ಗುಲಾಗುವ ಮುನ್ನ
ಕೈ ತಂತಾನೇ ಸೊಂಟಕ್ಕೆ ಹೋಗಿ ಒಂದು ಗಳಿಗೆ ತಡೆಯುತ್ತದೆ,
ತೊಟ್ಟಿಲ ಕೂಸಿನ ಪಕ್ಕ ಮಲಗುವವರ ಹಾಗೆ.
ಪುಟ್ಟಮಾದಿ ಕತ್ತಲಲ್ಲೇ ನಗುತ್ತಾಳೆ:
ಒರಗು, ಚೆಲ್ಲಕಿಲ್ಲ.