ಕಾರಣಕ್ಕೆ ಒಂದೂವರೆ ಸಾಲು

ನಿಯಮ ಪುಸ್ತಕ ನೂರ ಹನ್ನೆರಡು ಪುಟ.
ಮೊದಲ ದಿನ ಪ್ರಾಂಶುಪಾಲರು ನಲವತ್ತು ನಿಮಿಷ
ಅರ್ಧ ಮಲಯಾಳದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದರು.
ಪೈವಳಿಕೆ, ಪೆರ್ಲ, ಬಾಯಾರಿನಿಂದ ಬಂದವರು
ಕೊನೆಯ ಬೆಂಚಿನಲ್ಲಿ ತಲೆಯಾಡಿಸಿದ್ದೂ ಆಯಿತು.
ಆಮೇಲೆ ನನ್ನ ಕಿಟಕಿಗೆ ಬರುತ್ತಾರೆ, ಒಬ್ಬೊಬ್ಬರೇ,
ದನಿ ತಗ್ಗಿಸಿ: ಮೇಡಂ, ನಿಮಗೆ ಕನ್ನಡ ಬರ್ತದಲ್ಲ?

ಬರ್ತದೆ. ಕೇಳಿ.
ಐದು ಗಂಟೆಯೊಳಗೆ ಅಂದರೆ ನಾಲ್ಕು;
ಐದಕ್ಕೆ ಕ್ಯಾಷಿಯರ್ ಅಂಬಾಡಿ ಚೆರ್ಕಳದ ಬಸ್ಸಿನಲ್ಲಿರುತ್ತಾರೆ.
ರೆಕಾರ್ಡಿಗೆ ಸಹಿ ಅದೇ ವಾರ ಹಾಕಿಸಿ,
ಹಳಸಿದ ಪ್ರಯೋಗವನ್ನು ಯಾವ ಸಾರೂ ಮೂಸುವುದಿಲ್ಲ.
ಗ್ರಾಫ್ ಶೀಟು ಇಲ್ಲಿಯ ಸ್ಟೋರಿಗಿಂತ
ಬೋವಿಕ್ಕಾನದ ಕುಞಂಬುವಿನ ಅಂಗಡಿಯಲ್ಲಿ ಅಗ್ಗ.
ಬಾಕಿಯಾದ ಪೇಪರನ್ನು ಹೋಯಿತು ಅನ್ನಬೇಡಿ,
ಹೋದದ್ದು ಬಾರದು; ಇದು ಡಿಸೆಂಬರಿನಲ್ಲಿ ಬಂದೇ ಬರುತ್ತದೆ.
ಮರುಮೌಲ್ಯಮಾಪನಕ್ಕೆ ಹಾಕುವ ಮೊದಲು
ಉತ್ತರಪತ್ರಿಕೆಯ ನಕಲು ತರಿಸಿ ನೋಡಿ.
ಕೆಲವೊಮ್ಮೆ ತಪ್ಪು ನಿಜವಾಗಿ ನಮ್ಮದೇ ಆಗಿರುತ್ತದೆ,
ಅದು ತಿಳಿಯಲಿಕ್ಕೂ ಐನೂರು ರೂಪಾಯಿ.

ಮತ್ತೆ ಹಾಜರಿ.
ಎಪ್ಪತ್ತೈದು ದಾಟಿದರೆ ನೀವು ಯಾರೆಂದು ಯಾರೂ ಕೇಳುವುದಿಲ್ಲ.
ಅರುವತ್ತೈದಕ್ಕೆ ಕೆಳಗಾದರೆ ಮುಂದಿನ ವರ್ಷದ ಮಕ್ಕಳೊಟ್ಟಿಗೆ.
ನಡುವಿನ ಹತ್ತು ನನ್ನ ಕೌಂಟರಿಗೆ ಸೇರಿದ್ದು.
ಅದರ ಹೆಸರು ಕಂಡೊನೇಷನ್. ಮನ್ನಾ.
ನಾಲ್ಕು ವರ್ಷದಲ್ಲಿ ಎರಡೇ ಸಲ.
ಮನ್ನಾಕ್ಕೂ ಶುಲ್ಕ ಉಂಟು, ಏಳುನೂರ ಐವತ್ತು,
ಚಲನ್ ಮೂರು ಪ್ರತಿ, ನೀಲಿ ಪೆನ್ನು.

ಕಾರಣಕ್ಕೆ ಒಂದೂವರೆ ಸಾಲಿನ ಜಾಗ.
ಇಪ್ಪತ್ತೆರಡು ವರ್ಷದಿಂದ ಅಲ್ಲಿ ನಾನು
ಜ್ವರ ಎಂದೇ ಬರೆಸುತ್ತೇನೆ.
ಅಕ್ಕನ ಮದುವೆಗೆ ಜ್ವರ, ಬಸ್ಸು ಮುಷ್ಕರಕ್ಕೆ ಜ್ವರ,
ಫುಟ್ಬಾಲ್ ಆಡಲು ನೀಲೇಶ್ವರಕ್ಕೆ ಹೋದ
ಹನ್ನೊಂದು ಮಂದಿಗೂ ಒಂದೇ ದಿನ ಜ್ವರ.
ಫಾರಮಿಗೆ ಅರ್ಥವಾಗುವ ಕಾಯಿಲೆ ಅದೊಂದೇ.

ಮಾರ್ಚಿನಲ್ಲಿ, ಗುಡ್ಡದ ಮುಳಿಹುಲ್ಲು ಸುಟ್ಟ ವಾಸನೆ
ಫ್ಯಾನಿನಲ್ಲಿ ಸುತ್ತುತ್ತಿದ್ದ ಒಂದು ಮಧ್ಯಾಹ್ನ
ಆಯಿಷತ್ ತಾಹಿರಾ ಬಂದಳು. ಸಿವಿಲ್, ಎರಡನೇ ಸೆಮಿಸ್ಟರ್,
ಅರುವತ್ತೆಂಟು ದಶಾಂಶ ಮೂರು.
ಎಲ್ಲ ಕಾಲಂ ತುಂಬಿದ್ದಳು, ಅಚ್ಚೊತ್ತಿದ ಹಾಗೆ.
ಕಾರಣ: ಒತ್ತಡ.
ಕನ್ನಡದಲ್ಲಿ.

ಇದು ನಡೆಯುವುದಿಲ್ಲ ಮಾರಾಯ್ತಿ, ಇಂಗ್ಲಿಷಿನಲ್ಲಿ ಬರಿ.
ಬರೆಯಲು ಹೋದೆ ಮೇಡಂ, ಎರಡು ಶಬ್ದ ಬಂತು.
ಒಂದು ಪ್ರೆಶರು, ಒಂದು ಸ್ಟ್ರೆಸ್ಸು.
ಇಲ್ಲಿ ಎರಡಕ್ಕೂ ಬಲವನ್ನು ವಿಸ್ತೀರ್ಣದಿಂದ ಭಾಗಿಸುತ್ತಾರೆ,
ಹೊರಗಿನಿಂದ ಬಿದ್ದರೆ ಪ್ರೆಶರು,
ಒಳಗೆ ತಡೆದುಕೊಂಡರೆ ಸ್ಟ್ರೆಸ್ಸು.
ನನ್ನದು ಯಾವುದೆಂದು ಗೊತ್ತಾಗಲಿಲ್ಲ.

ನಾನು ಬಿಕಾಂ. ನನಗೂ ಗೊತ್ತಾಗಲಿಲ್ಲ.
ಜ್ವರ ಅಂತ ಬರಿ ಎನ್ನಲು ಬಾಯಿ ತೆರೆದವಳು
ಎಷ್ಟು ದಿನ ಎಂದು ಕೇಳಿದೆ.
ಹತ್ತೊಂಬತ್ತು. ಹಾಸ್ಟೆಲಿನಲ್ಲೇ ಇದ್ದೆ.
ಬೆಲ್ಲಾಗುವುದು ಕೇಳುತ್ತಿತ್ತು.
ಚಪ್ಪಲಿ ಹಾಕಿ ಕೂತಿರುತ್ತಿದ್ದೆ.

ಅಷ್ಟೇ ಹೇಳಿದ್ದು. ಹಿಂದೆ ಸಾಲಿನಲ್ಲಿದ್ದವನು
ಚಲನಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.
ಫಾರಮು ಹಾಗೆಯೇ ತೆಗೆದುಕೊಂಡೆ.
ವಿಭಾಗದ ಮುಖ್ಯಸ್ಥರು, ಆಮೇಲೆ ಡೀನು, ಆಮೇಲೆ ಪ್ರಾಂಶುಪಾಲರು,
ಯಾರಾದರೂ ಏನಿದು ಎಂದು ಕೇಳಿಯಾರು,
ಕೇಳಿದರೆ ಹೀಗೆ ಹೇಳಬೇಕು ಎಂದು
ಮಲಯಾಳದಲ್ಲಿ ಎರಡು ವಾಕ್ಯ ಜೋಡಿಸಿಕೊಂಡೆ,
ಬಸ್ಸಿನಲ್ಲಿ ಹೋಗುವಾಗ, ಅನ್ನಕ್ಕಿಡುವಾಗ.

ನಾಲ್ಕನೇ ದಿನ ಫಾರಮು ಬಂತು.
ಮೂರೂ ಸಹಿ. ಸೀಲು. ಅನುಮತಿಸಲಾಗಿದೆ.
ಯಾರೂ ಓದಿರಲಿಲ್ಲ.

ಸಂತೋಷಪಡಬೇಕಿತ್ತು; ಪಟ್ಟೆ ಕೂಡ, ಅರ್ಧ.
ಆ ಎರಡು ವಾಕ್ಯ ಇನ್ನೂ ನನ್ನಲ್ಲೇ ಇವೆ.
ಈಗ ಹೊಸಬರಿಗೆ ಹೇಳುವಾಗ ಒಂದು ಸೇರಿಸುತ್ತೇನೆ,
ಪುಸ್ತಕದಲ್ಲಿಲ್ಲ, ಹುಡುಕಬೇಡಿ:
ಚಪ್ಪಲಿ ಹಾಕಿಯೂ ಏಳಲಾಗದ ಮೊದಲ ದಿನವೇ
ಇಲ್ಲಿಗೆ ಬನ್ನಿ. ಕ್ಲಾಸಿನವರೆಗೆ ಬೇಡ,
ಕೌಂಟರಿನವರೆಗೆ. ಫಾರಮು ಬೇಡ.
ಇದಕ್ಕೆ ಐದು ಅಂದರೆ ಐದೂವರೆಯೂ ಆದೀತು.

ತಾಹಿರಾ ಈಗ ಮೂರನೇ ವರ್ಷ, ಎರಡು ಪೇಪರು ಬಾಕಿ.
ಕಂಡರೆ ನಗುತ್ತಾಳೆ, ಕಿಟಕಿಗೆ ಬರುವುದಿಲ್ಲ.
ತಿಂಗಳ ಕೊನೆಗೆ ಅವಳ ಹಾಜರಿ ತೆರೆದು ನೋಡುತ್ತೇನೆ.
ಅವಳಿಗಿನ್ನು ಒಂದೇ ಮನ್ನಾ ಉಳಿದಿದೆ.